ಓರ್ಲ್ಯಾಂಡೊಗೆ ಹೊರಟ ಬೆಳಿಗ್ಗೆ

ರಾಯ್ಸ್‌ನ ಟೈರ್ ಅಂಗಡಿ ಇದ್ದದ್ದು ಹೆದ್ದಾರಿಯಿಂದ ಟಿಲ್ಮನ್ ಊರಿಗೆ ಇಳಿಯುವ ತಿರುವಿನಲ್ಲಿ, ಬೇಯಿಸಿದ ಕಡಲೆಕಾಯಿ ಮಾರುವ ತಗಡಿನ ಗೂಡಿನ ಪಕ್ಕ. ಶಾಲೆಗಳಿಗೆ ರಜೆ ಬಿಟ್ಟರೆ ಸಾಕು, ಉತ್ತರದ ರಾಜ್ಯಗಳ ಸಂಸಾರಗಳೆಲ್ಲ ವ್ಯಾನುಗಳಲ್ಲಿ ತುಂಬಿಕೊಂಡು ಫ್ಲಾರಿಡಾದತ್ತ, ಓರ್ಲ್ಯಾಂಡೊದ ದೊಡ್ಡ ಆಟದ ಪಾರ್ಕುಗಳತ್ತ ಹೊರಟುಬಿಡುತ್ತಿದ್ದವು. ಅವುಗಳಲ್ಲಿ ಒಂದಲ್ಲ ಒಂದು ವ್ಯಾನಿನ ಟೈರು ಜಾರ್ಜಿಯಾದ ಬಿಸಿಲಿಗೆ ಸಿಡಿದೇ ಸಿಡಿಯುತ್ತಿತ್ತು. ಎಲ್ಲರೂ ಒಂದೇ ಬಣ್ಣದ ಅಂಗಿ ತೊಟ್ಟ ಅಪ್ಪ, ಅಮ್ಮ, ಅಜ್ಜಿ, ಮಕ್ಕಳು ಅಂಗಡಿಯ ಮುಂದೆ ಇಳಿದು, "ಬೇಗ ಹಾಕ್ಕೊಡಪ್ಪ, ಮಕ್ಳು ತಡೀತಿಲ್ಲ" ಎನ್ನುತ್ತಿದ್ದರು. ರಾಯ್ಸ್ ಮಂಡಿಯೂರಿ ಚಕ್ರ ಬಿಚ್ಚುತ್ತಿದ್ದ. ಕಂಡವರನ್ನೆಲ್ಲ ಓರ್ಲ್ಯಾಂಡೊಗೆ ದಾಟಿಸಿದ ಮನುಷ್ಯ ತಾನು ಮಾತ್ರ ಒಮ್ಮೆಯೂ ಅಲ್ಲಿಗೆ ಹೋದವನಲ್ಲ.

ಅದನ್ನು ಹೇಗೋ ಸಹಿಸಿಕೊಂಡಿದ್ದ. ಅವನಿಂದ ಸಹಿಸಲಾಗದ್ದು ಅಕ್ಕ ಕೆಂಡ್ರಾಳ ವಿಡಿಯೊ.

ಆ ಕಡೆಯವರಲ್ಲಿ ಓರ್ಲ್ಯಾಂಡೊ ಸುದ್ದಿಯನ್ನು ಮಕ್ಕಳಿಗೆ ಮೊದಲೇ ಹೇಳಿಬಿಡುವವರು ಪೆದ್ದರು. ಹೊರಡುವ ದಿನದವರೆಗೆ ಬಾಯಿಗೆ ಬೀಗ ಹಾಕಿಕೊಂಡಿದ್ದು, ಆ ಬೆಳಿಗ್ಗೆ ಏನಾದರೊಂದು ಸುಳ್ಳು ಹೇಳಿ ಹೆದರಿಸಿ, ಮಕ್ಕಳ ಮುಖ ಬಾಡಿದ ಹೊತ್ತಿಗೆ ಸರಿಯಾಗಿ ನಿಜ ಹೇಳಬೇಕು. ಅವು ಕಿರುಚಿ ಕುಣಿಯುವುದನ್ನು ಫೋನಿನಲ್ಲಿ ಹಿಡಿದು ಊರಿಗೆಲ್ಲ ತೋರಿಸಬೇಕು. ಮೇಕನ್ ಊರಿನಲ್ಲಿದ್ದ ಕೆಂಡ್ರಾ ತನ್ನ ಹುಡುಗರಿಗೆ ಹಲ್ಲು ಕೀಳಿಸಲು ಹೋಗುತ್ತಿದ್ದೇವೆ ಎಂದಿದ್ದಳು. ನಿಜ ಗೊತ್ತಾದಾಗ ದೊಡ್ಡವನು ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತು ಖುಷಿಗೆ ಬಿಕ್ಕಿ ಬಿಕ್ಕಿ ಅತ್ತಿದ್ದ. ಅವರ ತಾಯಿ ಓಪಲ್ ಅದನ್ನು ಚರ್ಚಿನವರಿಗೆ, ಕೂದಲು ಕತ್ತರಿಸುವವಳಿಗೆ, ಮಾಂಸದಂಗಡಿಯವನಿಗೆ ತೋರಿಸಿ ತೋರಿಸಿ ಎಲ್ಲರ ಕಣ್ಣಲ್ಲೂ ನೀರು ಬರಿಸಿದಳು. "ಎಂಥಾ ಅಪ್ಪ ಅಮ್ಮನ್ನ ಪಡೆದಿದಾವಪ್ಪ ಆ ಮಕ್ಳು" ಎಂದು ಯಾರೋ ಅಂದದ್ದು ರಾಯ್ಸ್‌ನ ಕಿವಿಗೆ ಬಿತ್ತು. ಅವತ್ತಿನಿಂದ ಅವನ ಹೊಟ್ಟೆಗೆ ಬೆಂಕಿ ಬಿದ್ದಿತ್ತು.

"ನಾವೂ ಹೋಗೋದೇ" ಎಂದ ಹೆಂಡತಿ ಟ್ರೀನಾಗೆ. "ನಮ್ಮ ಮಕ್ಳ ವಿಡಿಯೊ ನೋಡಿ ಅವಳು ಬಾಯಿ ಮುಚ್ಕೊಂಡು ಕೂತ್ಕೋಬೇಕು."

ಟ್ರೀನಾ ಒಪ್ಪಿಕೊಂಡಳು. ಅವಳ ಯೋಚನೆಯೇ ಬೇರೆಯಿತ್ತು. ರಾಯ್ಸ್ ಜನರೆದುರು ಕೈ ಎತ್ತುವವನಲ್ಲ. ಚರ್ಚಿನಲ್ಲಿ, ಅಂಗಡಿಯಲ್ಲಿ, ಮಗನ ಆಟದ ಮೈದಾನದಲ್ಲಿ ಅವನಷ್ಟು ಮೆತ್ತನೆಯ ಮನುಷ್ಯ ಇನ್ನೊಬ್ಬ ಸಿಕ್ಕುತ್ತಿರಲಿಲ್ಲ. ಮನೆಯ ಬಾಗಿಲು ಮುಚ್ಚಿದ ಮೇಲೇ ಅವನ ಕೈಗೆ ನವೆ ಹತ್ತುತ್ತಿತ್ತು. ಏಳು ವರ್ಷದ ಮಗ ಕೋಲ್ಟನ್‌ನ ಎಡಗೈಯ ಪ್ಲಾಸ್ಟರ್ ಬಿಚ್ಚಿ ಇನ್ನೂ ತಿಂಗಳು ಕಳೆದಿರಲಿಲ್ಲ. ಜಾರುಬಂಡೆಯಿಂದ ಬಿದ್ದ ಎಂದು ಆಸ್ಪತ್ರೆಯಲ್ಲಿ ಕಣ್ಣು ಮಿಟುಕಿಸದೆ ಸುಳ್ಳು ಹೇಳಿದವಳು ಟ್ರೀನಾಳೇ. ಹಿಂದೆ ಒಮ್ಮೆ ಮಕ್ಕಳನ್ನು ಎತ್ತಿಕೊಂಡು ಹೆದ್ದಾರಿಯ ಪಕ್ಕದ ಲಾಡ್ಜಿಗೆ ಓಡಿಹೋಗಿದ್ದಳು. ಬೆಳಗಾಗುವುದರೊಳಗೆ ರಾಯ್ಸ್ ಬಂದು, ಲಾಡ್ಜಿನವನ ಹತ್ತಿರ ನಗುನಗುತ್ತ ಮಾತಾಡಿ, ಹೆಂಡತಿಯನ್ನು ಕಾರಿಗೆ ಹತ್ತಿಸಿಕೊಂಡು ಬಂದಿದ್ದ. ಮನೆಗೆ ಬಂದ ಮೇಲೆ ಅವಳ ಎರಡು ಪಕ್ಕೆಲುಬು ಮುರಿದಿತ್ತು.

ಓರ್ಲ್ಯಾಂಡೊ ಎಂದರೆ ಎಲ್ಲಿ ನೋಡಿದರೂ ಜನ. ಉರಿ ಬಿಸಿಲಿನಲ್ಲೂ ಜನ, ಮಳೆಯಲ್ಲೂ ಜನ. ಅಲ್ಲಿ ಇರುವಷ್ಟು ದಿನ ಮಗನ ಮೈಮೇಲೆ ಏಟು ಬೀಳುವುದಿಲ್ಲ. ಅಷ್ಟು ದಿನ ಹೊಡೆಯದೆ ಇದ್ದು ಅಭ್ಯಾಸವಾದರೆ ಆಮೇಲೂ ಹೊಡೆಯದೆ ಇರಬಹುದು. ಹೀಗೊಂದು ಹುಚ್ಚು ಆಸೆಯನ್ನು ಟ್ರೀನಾ ಕಟ್ಟಿಕೊಂಡಿದ್ದಳು. ಅವಳನ್ನು ನೋಡಿ ನಗುವವರು ಅವಳ ಜಾಗದಲ್ಲಿ ಒಂದು ದಿನ ನಿಂತು ನೋಡಲಿ.

ಅವಳು ಬಡಿಸುವ ಕೆಲಸ ಮಾಡುತ್ತಿದ್ದ ತಿಂಡಿ ಹೋಟೆಲಿಗೆ ಬರುವವರೆಲ್ಲ ಓರ್ಲ್ಯಾಂಡೊ ವಿಷಯದಲ್ಲಿ ಪಂಡಿತರೇ. ಯಾವ ಸಾಲು ಉದ್ದ, ಅದನ್ನು ಹೇಗೆ ತಪ್ಪಿಸಿಕೊಳ್ಳಬೇಕು, ಮಧ್ಯಾಹ್ನ ಯಾವಾಗ ಕೋಣೆಗೆ ಬಂದು ಮಲಗಬೇಕು ಎಂದು ಅವರು ಕಾಫಿ ಕುಡಿಯುತ್ತ ಉಪದೇಶಿಸುತ್ತಿದ್ದರು. ಟ್ರೀನಾ ತಲೆಯಾಡಿಸಿ ಕೇಳಿಕೊಂಡು ಎಲ್ಲವನ್ನೂ ತಿರುಗಾಮುರುಗಾ ಮಾಡಿದಳು. ಅತಿ ಉದ್ದದ ಸಾಲುಗಳನ್ನೇ ಆರಿಸಿಕೊಂಡಳು. ಬೆಳಗಿನ ತಿಂಡಿಗೆ ಬೊಂಬೆಯ ವೇಷ ಹಾಕಿದವರು ಮೇಜಿನ ಹತ್ತಿರವೇ ಬಂದು ನಿಲ್ಲುವ ದೊಡ್ಡ ಊಟದ ಹಾಲ್, ಮಧ್ಯಾಹ್ನ ಮೆರವಣಿಗೆ, ಸಂಜೆ ಬಾಣಬಿರುಸು. ಮಕ್ಕಳು ಹೆಗಲ ಮೇಲೆ ನಿದ್ದೆಹೋದ ಮೇಲಷ್ಟೇ ಕೋಣೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ನಾಲ್ವರೂ ಎಚ್ಚರವಾಗಿರುವ ಹೊತ್ತೇ ಇರಬಾರದು, ಅಷ್ಟೇ ಅವಳ ಯೋಜನೆ.

ರಾಯ್ಸ್‌ನ ಯೋಜನೆಯೆಲ್ಲ ವಿಡಿಯೊದ್ದು.

"ಹೊಳೀತು ಕಣೇ" ಎಂದ ಒಂದು ಸಂಜೆ, ಅಡುಗೆಮನೆಗೆ ಬಂದು. ಟ್ರೀನಾ ಚಮಚಗಳ ಡ್ರಾಯರ್ ತೆರೆದು ಒರೆಸುತ್ತಿದ್ದಳು. "ಕೋಲ್ಟನ್ನ ಸಿಟ್ಟಲ್ಲಿ ಕರೀತೀನಿ. ಏನೋ ಮಾಡಿದೀಯ ನೀನು, ಬಾರೋ ಇಲ್ಲಿ ಅಂತ. ಒಂದು ಕೈ ಬೆನ್ನ ಹಿಂದೆ ಇರುತ್ತೆ. ಬೆಲ್ಟು ಅನ್ಕೋತಾನೆ. ಆಮೇಲೆ ತಟ್ಟಂತ ಓರ್ಲ್ಯಾಂಡೊದ ಇಲಿ ಕಿವಿ ಟೋಪಿ ಹೊರಗೆ ತೆಗೀತೀನಿ! ಹೆಂಗೆ?"

ಟ್ರೀನಾ ಒರೆಸುತ್ತಲೇ ಇದ್ದಳು. "ಹಲ್ಲು ಕೀಳ್ಸೋದು ಅಂತಾನೇ ಹೇಳೋಣ ರಾಯ್ಸ್."

"ಅದು ಕೆಂಡ್ರಾ ಮಾಡಿದ್ದು."

"ಇವನು ಹೆದರ್ಕೋತಾನೆ."

"ಹೆದರ್ಲಿ ಅಂತಾನೇ ಅಲ್ವೇನೇ ಮಾಡೋದು? ಹೆದರಿದ್ರೇನೇ ಆಮೇಲೆ ಖುಷಿ."

"ತಮಾಷೆ ಅಂತ ಅವನಿಗೆ ಹೆಂಗೆ ಗೊತ್ತಾಗ್ಬೇಕು?"

ಬಾಯಿ ಜಾರಿ ಬಂದ ಮಾತು. ರಾಯ್ಸ್ ನಗುತ್ತಲೇ ಹತ್ತಿರ ಬಂದು ಡ್ರಾಯರಿಗೆ ಸೊಂಟ ಕೊಟ್ಟು ಒರಗಿದ. ಟ್ರೀನಾಳ ಬೆರಳುಗಳು ಇನ್ನೂ ಒಳಗೇ ಇದ್ದವು. ಅವಳು ಉಸಿರೆಳೆದುಕೊಂಡಳು, ಕೂಗಲಿಲ್ಲ. ಅವನು ಇನ್ನಷ್ಟು ಒರಗಿದ.

"ಅಂಗಿಗಳೆಲ್ಲ ಕಿತ್ತಳೆ ಬಣ್ಣ ಇರ್ಲಿ ಅಲ್ವಾ?" ಎಂದ ಅದೇ ದನಿಯಲ್ಲಿ. "ಅಷ್ಟು ಜನದಲ್ಲಿ ನನ್ನ ಕಣ್ಣಿಂದ ಯಾರೂ ತಪ್ಪಿಸ್ಕೊಳ್ಳಲ್ಲ. ಏನಂತೀಯ?"

"ಚೆನ್ನಾಗಿರುತ್ತೆ."

"ಕೇಳಿಸ್ಲಿಲ್ಲ."

"ಚೆನ್ನಾಗಿರುತ್ತೆ ರಾಯ್ಸ್. ಕಿತ್ತಳೆ ಚೆನ್ನಾಗಿರುತ್ತೆ."

ಅವನು ಸೊಂಟ ತೆಗೆದು, ಅವಳ ಕೆನ್ನೆ ತಟ್ಟಿ, ಟಿವಿ ನೋಡಲು ಹೋದ. ಮರುದಿನ ಎರಡು ಉಗುರು ಕಪ್ಪಗಾಗಿದ್ದವು. ಕಾರಿನ ಬಾಗಿಲು ಹಾಕಿಕೊಂಡೆ ಎಂದು ಹೋಟೆಲಿನಲ್ಲಿ ಹೇಳಿದಳು.

ಅಂಗಿ ಹೊಲಿಸಿ, ಬೆನ್ನ ಮೇಲೆ ದೊಡ್ಡವರಿಗೆ ಅಪ್ಪ, ಅಮ್ಮ, ಅಜ್ಜಿ ಎಂದು, ಮಕ್ಕಳಿಗೆ ಅವರವರ ಹೆಸರು ಅಚ್ಚು ಹಾಕಿಸಿ ತಂದವಳು ಓಪಲ್. ಅವಳೂ ಹೊರಟಿದ್ದಳು. ಟ್ರೀನಾ ಕೆಲಸಕ್ಕೆ ಹೋದಾಗ ನಾಲ್ಕು ವರ್ಷದ ಮೊಮ್ಮಗಳು ಮ್ಯಾಸಿಯನ್ನು ನೋಡಿಕೊಳ್ಳುತ್ತಿದ್ದವಳೂ ಅವಳೇ. ಮಕ್ಕಳಿಗೆ ಅವಳು ಮೀಮಾ, ಸೊಸೆಗೆ ಮಿಸ್ ಓಪಲ್. ಆ ಕಡೆಯ ವಾಡಿಕೆಯಂತೆ ಮಕ್ಕಳು ಅಪ್ಪನಿಗೆ ಸರ್, ಅಮ್ಮನಿಗೆ ಮ್ಯಾಮ್ ಎನ್ನಬೇಕಿತ್ತು. ನಡೆದು ನಡೆದು ಕಾಲು ನೋಯಬಾರದೆಂದು ದಪ್ಪ ಅಟ್ಟೆಯ ಹೊಸ ಬಿಳಿ ಬೂಟನ್ನು ಬೇರೆ ಕೊಂಡಿದ್ದಳು. ಸೊಸೆಯ ಬೆರಳಿನ ಪಟ್ಟಿಯ ಮೇಲೆ ಅವಳ ಕಣ್ಣು ಬಿದ್ದದ್ದು ಒಂದೇ ಕ್ಷಣ.

"ಗಂಡಸರಿಗೆ ಸಿಟ್ಟು ಬಂದಾಗ ಎದುರಾಡ್ಬಾರ್ದು ಕಣಮ್ಮ" ಎಂದಳು, ಅಂಗಿ ಮಡಚುತ್ತ. "ನಮ್ಮ ಯಜಮಾನ್ರು ಹೊಯ್ಟ್ ಏನು ಕಮ್ಮಿ ಇದ್ರಾ? ಅಪ್ಪನ ಕೈಲಿ ಬೆಲ್ಟ್ ತಿಂದೇ ಬೆಳೆದೋನು ರಾಯ್ಸ್. ಏನಾಗಿದೆ ಅವನಿಗೆ? ಗಟ್ಟಿಮುಟ್ಟಾಗಿದಾನೆ."

ಅವನಿಗೆ ಏನಾಗಿದೆ ಎನ್ನುವುದಕ್ಕೆ ಉತ್ತರ ಆ ಪಟ್ಟಿಯೊಳಗೇ ಇತ್ತು. ಓಪಲ್ ಮತ್ತೆ ಅತ್ತ ನೋಡಲಿಲ್ಲ. ನೋಡದೆ ಇರುವುದನ್ನು ಅವಳು ಮದುವೆಯಾದ ಹೊಸದರಲ್ಲೇ ಕಲಿತಿದ್ದಳು.

ಹೊರಡುವ ದಿನ ಬೆಳಿಗ್ಗೆ ರಾಯ್ಸ್‌ಗೆ ಹಬ್ಬದ ಸಂಭ್ರಮ. ಎದ್ದವನೇ ವ್ಯಾನಿಗೆ ಹೊಸ ಟೈರು ಹಾಕಿದ. ಚಕ್ರದ ನಟ್ಟು ಬಿಚ್ಚುವ ಉದ್ದನೆಯ ಪಾನಾವನ್ನು ತಂದು ಬಾಗಿಲ ಪಕ್ಕ, ಐಸ್ ಪೆಟ್ಟಿಗೆಗೆ ಒರಗಿಸಿಟ್ಟ. ದಾರಿಯಲ್ಲಿ ಬೇಕಾದರೆ ಇರಲಿ ಎಂದು ಕೊನೆಗೆ ವ್ಯಾನಿಗೆ ಹಾಕಿಕೊಳ್ಳುವುದಿತ್ತು. ವ್ಯಾನಿನ ಹಿಂದಿನ ಗಾಜಿನ ಮೇಲೆ ಬಿಳಿ ಬಣ್ಣದಲ್ಲಿ 'ಓರ್ಲ್ಯಾಂಡೊಗೆ ಹೊರಟಿದ್ದೇವೆ! ಹಾರ್ನ್ ಹೊಡೀರಿ!' ಎಂದು ದೊಡ್ಡದಾಗಿ ಬರೆದ. ಮಕ್ಕಳಿಗೆ ಕಿತ್ತಳೆ ಅಂಗಿ ತೊಡಿಸಿ, ಬೆನ್ನು ಕಾಣದಂತೆ ಮೇಲೊಂದು ಜಾಕೆಟ್ ಹಾಕಿಸಿದ್ದಾಯಿತು. ಓಪಲ್ ತಲೆಗೆ ಕಿವಿ ಟೋಪಿ ಇಟ್ಟುಕೊಂಡು, ಮಕ್ಕಳಿಗೆ ಕಾಣದಂತೆ ಮೇಲೊಂದು ಶಾಲು ಹೊದ್ದು ಸೋಫಾದ ಎದುರು ಕುರ್ಚಿಯಲ್ಲಿ ಕೂತಳು. ಟಿವಿಯಲ್ಲಿ ಕಾರ್ಟೂನು ಸಣ್ಣ ದನಿಯಲ್ಲಿ ಓಡುತ್ತಿತ್ತು.

ವಿಡಿಯೊ ಮಾಡಿ ಆಮೇಲೆ ಕಳಿಸುವಷ್ಟು ತಾಳ್ಮೆ ರಾಯ್ಸ್‌ಗೆ ಇರಲಿಲ್ಲ. ಕೆಂಡ್ರಾ ನೇರವಾಗಿ ನೋಡಲಿ ಎಂದು ಅವಳಿಗೆ ವಿಡಿಯೊ ಕಾಲ್ ಹಚ್ಚಿಸಿದ. ಪಾದ್ರಿಯ ಹೆಂಡತಿಯನ್ನೂ ಸೇರಿಸಿದ. ಫೋನು ಹಿಡಿಯುವ ಕೆಲಸ ಟ್ರೀನಾಳದು.

"ಏನೇ ಆಗ್ಲಿ ಫೋನ್ ಕೆಳಗಿಳಿಸ್ಬೇಡ" ಎಂದು ಎಚ್ಚರಿಸಿದ. ಆಮೇಲೆ ಕೋಣೆಯ ನಟ್ಟನಡುವೆ ನಿಂತು, ಒಂದು ಕೈ ಬೆನ್ನ ಹಿಂದೆ ಇಟ್ಟುಕೊಂಡು ಗುಡುಗಿದ. "ಕೋಲ್ಟನ್! ಬಾರೋ ಇಲ್ಲಿ! ಏನು ಮಾಡಿದೀಯ ಅಂತ ಗೊತ್ತು ನನಗೆ!"

ಹುಡುಗ ಬಂದ. ಅಪ್ಪನ ಮುಖ ನೋಡಿದ, ಬೆನ್ನ ಹಿಂದಿನ ಕೈ ನೋಡಿದ. ಏನು ಮಾಡಿದೆ ಎಂದು ಕೇಳಲಿಲ್ಲ, ಅಳಲಿಲ್ಲ. ಸುಮ್ಮನೆ ಸೋಫಾದ ಹತ್ತಿರ ನಡೆದುಹೋಗಿ, ಎರಡೂ ಅಂಗೈಗಳನ್ನು ಅದರ ಕೈಯ ಮೇಲೆ ಊರಿ, ಬಗ್ಗಿ, ತಲೆ ತಗ್ಗಿಸಿ ನಿಂತ.

"ರೆಡಿ ಸರ್" ಎಂದ.

ಅಷ್ಟೇ ಆಗಿದ್ದರೆ ಏನಾದರೂ ಹೇಳಿ ಮುಚ್ಚಬಹುದಿತ್ತು. ಮೂಲೆಯಲ್ಲಿ ಆಡುತ್ತಿದ್ದ ಮ್ಯಾಸಿ ಬೊಂಬೆಯನ್ನು ಕೆಳಗಿಟ್ಟು ಎದ್ದಳು. ಮೇಜಿನ ಮೇಲಿದ್ದ ರಿಮೋಟನ್ನು ಎರಡೂ ಕೈಯಲ್ಲಿ ಹಿಡಿದು ಟಿವಿಗೆ ಗುರಿಯಿಟ್ಟು ಒತ್ತಿದಳು. ಕಾರ್ಟೂನಿನ ಹಾಡು ಜೋರಾಯಿತು, ಇನ್ನೂ ಜೋರಾಯಿತು, ಕಿಟಕಿಯ ಗಾಜು ಅದುರುವಷ್ಟು ಜೋರಾಯಿತು. ತನ್ನ ಕೆಲಸ ಮುಗಿಯಿತೆಂಬಂತೆ ಹೋಗಿ ಮತ್ತೆ ಬೊಂಬೆಯ ಪಕ್ಕ ಕೂತು, ಕಿವಿ ಮುಚ್ಚಿಕೊಂಡಳು.

ಫೋನಿನೊಳಗೆ ಪಾದ್ರಿಯ ಹೆಂಡತಿಯ ನಗು ಹಾಗೇ ನಿಂತುಬಿಟ್ಟಿತ್ತು. ಕೆಂಡ್ರಾಳ ಮುಖದಲ್ಲಿ ರಕ್ತವಿರಲಿಲ್ಲ.

"ಅಮ್ಮಾ" ಎಂದಳು ಕೆಂಡ್ರಾ. ಹಾಡಿನ ನಡುವೆಯೂ ಅವಳ ಮಾತು ಕೇಳಿಸಿತು. "ಅಮ್ಮಾ, ಅವಳೂ ಮಾಡ್ತಿದಾಳೆ. ಅಪ್ಪ ಹೊಡೆಯೋವಾಗ ನಾನು ರೇಡಿಯೊ ಜೋರು ಮಾಡ್ತಿದ್ದೆನಲ್ಲಾ, ಹಂಗೇ. ನೀನೇ ಹೇಳಿಕೊಟ್ಟೆಯಾ ಅವಳಿಗೂ?"

ಉತ್ತರ ಕೊಟ್ಟವಳು ಮ್ಯಾಸಿ. "ಮೀಮಾ ಹೇಳಿದ್ದು. ಅಣ್ಣನ ಸದ್ದು ರಸ್ತೆಗೆ ಕೇಳ್ಬಾರ್ದು ಅಂತ."

ಟ್ರೀನಾಗೆ ಅದು ಹೊಸ ಸುದ್ದಿಯೇನಲ್ಲ. ಹೇಳಿಕೊಟ್ಟವರು ಯಾರೆಂದು ಮಾತ್ರ ಅವಳು ಇವತ್ತಿನವರೆಗೆ ಕೇಳಿಕೊಂಡಿರಲಿಲ್ಲ. ಟಿವಿ ಜೋರಾದಾಗೆಲ್ಲ ಸದ್ಯ ಎಂದುಕೊಂಡವಳು ಅವಳೂ ಹೌದು. ಆ ಕ್ಷಣದಲ್ಲಿ ಅದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆ ಹುಟ್ಟಿತು.

ರಾಯ್ಸ್ ಜೋರಾಗಿ ನಕ್ಕ. "ನೋಡಿದ್ರಾ ಆ್ಯಕ್ಟಿಂಗು! ಇವನೊಬ್ಬ ಭಾರಿ ನಾಟಕದೋನು! ಇರಿ, ಇನ್ನೊಂದ್ಸಲ ಮಾಡ್ತೀವಿ."

"ರಾಯ್ಸ್, ಆ ಮಗೂನ ಮುಟ್ಬೇಡ" ಎಂದಳು ಕೆಂಡ್ರಾ. "ನಾನು ಈಗ್ಲೇ ಶೆರಿಫ್‌ಗೆ ಫೋನ್ ಮಾಡ್..."

ರಾಯ್ಸ್ ಬೆರಳು ಚಾಚಿ ಕಾಲ್ ಕಡಿದ. ಟಿವಿ ಆರಿಸಿದ.

"ನನ್ನ ಮರ್ಯಾದೆ ಮೂರು ಕಾಸು ಮಾಡಿದ್ಯಲ್ಲೋ" ಎಂದ ಮಗನಿಗೆ. ದನಿ ಏರಿಸಲೂ ಇಲ್ಲ. "ಈಗ ಸರಿಯಾಗಿ ಮಾಡು. ನಾನು ಟೋಪಿ ತೆಗೀತೀನಿ. ನೀನು ಕುಣೀಬೇಕು. ಕೆಂಡ್ರಾ ಅತ್ತೆ ಮಗ ಕುಣಿದ ಹಂಗೆ. ಅವರಿಗೆ ಈ ವಿಡಿಯೊ ಹೋಗ್ಬೇಕು. ತಿಳೀತಾ?"

"ತಿಳೀತು ಸರ್."

"ಟ್ರೀನಾ, ಹಿಡಿ ಫೋನ್."

ಟ್ರೀನಾ ಹಿಡಿದಳು. ರಾಯ್ಸ್ ಗುಡುಗಿದ, ಟೋಪಿ ತೆಗೆದ. ಕೋಲ್ಟನ್ ಕುಣಿದ. ನಗುವೆಂದು ಅವನು ತೋರಿಸಿದ್ದು ಬರೀ ಹಲ್ಲು, ಕಣ್ಣೆರಡೂ ಅಪ್ಪನ ಕೈಯ ಮೇಲೆಯೇ ಇದ್ದವು. ರಾಯ್ಸ್ ಕಪಾಳಕ್ಕೆ ಬಾರಿಸಿದ. "ನಗೋದಂದ್ರೆ ಅದಾ?"

ಇನ್ನೊಂದು ಸಲ. ಹುಡುಗ "ಓರ್ಲ್ಯಾಂಡೊ!" ಎಂದು ಕಿರುಚಿದ. ದನಿ ಒಡೆದು ಅಳುವಾಯಿತು. ಈ ಸಲ ಬಿದ್ದ ಏಟಿಗೆ ತುಟಿ ಹರಿದು ಗಲ್ಲದ ಮೇಲೆ ರಕ್ತ ಇಳಿಯಿತು. ರಾಯ್ಸ್ ಅದನ್ನು ಟೋಪಿಯಲ್ಲೇ ಒರೆಸಿದ. ಮತ್ತೊಂದು ಸಲ ಗುಡುಗುವಷ್ಟರಲ್ಲಿ ಕೋಲ್ಟನ್‌ನ ಚಡ್ಡಿ ಒದ್ದೆಯಾಗಿ, ಹೊಸ ಬೂಟಿನ ಸುತ್ತ ನೀರು ನಿಂತಿತು.

ಟ್ರೀನಾ ಅಷ್ಟೂ ಹೊತ್ತು ಫೋನು ಹಿಡಿದೇ ಇದ್ದಳು. ಅವಳ ಮಗ ಆ ಪುಟ್ಟ ಗಾಜಿನೊಳಗೆ ಬೆರಳುದ್ದ ಕಾಣುತ್ತಿದ್ದ, ಬೇರೆ ಯಾರದೋ ಮನೆಯ ಮಗುವಿನಂತೆ. ಎಲ್ಲ ಸೇರಿ ಇನ್ನೊಂದು ಅರ್ಧ ಗಂಟೆ, ಆಮೇಲೆ ವ್ಯಾನು, ಆಮೇಲೆ ಜನ, ಜನರ ನಡುವೆ ಸೇರಿಕೊಂಡರೆ ಸಾಕು ಎಂದು ಅವಳ ಮನಸ್ಸು ಹಳೆಯ ಯೋಜನೆಯನ್ನೇ ಇನ್ನೂ ಗಿರಗಿರ ತಿರುಗಿಸುತ್ತಿತ್ತು.

ರಾಯ್ಸ್ ಬೆಲ್ಟು ಬಿಚ್ಚಿದ.

ಹೇಳಿಸಿಕೊಳ್ಳದೆಯೇ ಕೋಲ್ಟನ್ ಸೋಫಾದ ಕೈ ಹಿಡಿದು ಬಗ್ಗಿದ. ಹೇಳಿಸಿಕೊಳ್ಳದೆಯೇ ಮ್ಯಾಸಿ ಎದ್ದು ರಿಮೋಟ್ ಎತ್ತಿಕೊಂಡಳು. ಹಾಡು ಮನೆಯನ್ನು ತುಂಬಿತು. ಬೆಲ್ಟಿನ ಮೊದಲ ಏಟಿಗೆ ಜಾಕೆಟ್ಟಿನ ಧೂಳು ಹಾರಿತು. ಎರಡನೆಯದಕ್ಕೆ ಕೋಲ್ಟನ್‌ನ ಎಡಗೈ ಮಡಚಿ, ಅವನು ಮುಖ ಅಡಿಯಾಗಿ ಜಾರಿದ. ಬಾಯಿ ಅಗಲವಾಗಿ ತೆರೆದಿತ್ತು. ಅವನು ಕೂಗುತ್ತಿದ್ದ, ಆದರೆ ಹಾಡಿನ ಅಬ್ಬರದಲ್ಲಿ ಹೆತ್ತ ತಾಯಿಗೂ ಅದು ಕೇಳಿಸಲಿಲ್ಲ.

ಟ್ರೀನಾ ಫೋನು ಬಿಸಾಡಿದಳು. "ಸಾಕು ನಿಲ್ಸೋ!" ಎಂದು ಹೋಗಿ ಬೆಲ್ಟಿಗೆ ಕೈ ಹಾಕಿದಳು.

ರಾಯ್ಸ್ ತಿರುಗಿದ. ಬೆಲ್ಟಿನ ಬಕಲ್ ಇದ್ದ ತುದಿಯನ್ನೇ ಬೀಸಿದ. ಅವಳ ದವಡೆ ಲಟಕ್ಕೆಂದಿತು, ಬಾಯಿಗೆ ರಕ್ತದ ಉಪ್ಪು ತುಂಬಿತು. ಅವಳು ಬೆಲ್ಟನ್ನು ಬಿಡಲಿಲ್ಲ. ಅವನು ಅವಳ ಕೂದಲು ಸುತ್ತಿ ಹಿಡಿದು ನೆಲದ ಮೇಲೆ ದರದರ ಎಳೆದ, ಬಾಗಿಲವರೆಗೆ ಎಳೆದ, ಪಕ್ಕೆಗೆ ಒದ್ದ. ಹಳೆಯ ಮುರಿತದ ಜಾಗ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವಳ ತಲೆ ಐಸ್ ಪೆಟ್ಟಿಗೆಗೆ ಬಡಿದು ಪೆಟ್ಟಿಗೆ ಮಗುಚಿತು. ಮಂಜಿನ ತುಂಡುಗಳು, ತಣ್ಣನೆಯ ಚಹಾದ ಬಾಟಲಿಗಳು ನೆಲದ ತುಂಬ ಉರುಳಿದವು. ಅವುಗಳ ಜೊತೆ ಪಾನಾವೂ ಬಿತ್ತು, ಅವಳ ಕೈಗೆ ಸಿಕ್ಕಿತು.

ಅವಳು ಕೂತಲ್ಲಿಂದಲೇ ಬೀಸಿದಳು. ಪಾನಾ ರಾಯ್ಸ್‌ನ ಮಂಡಿಗೆ ತಗುಲಿತು. ಹಸಿ ಕಟ್ಟಿಗೆ ಸೀಳಿದಂಥ ಸದ್ದಾಯಿತು. ಅವನು ಕುಸಿದ. ಮತ್ತೆ ಅದೇ ಮಂಡಿಗೆ ಹೊಡೆದಳು. ಇಷ್ಟು ವರ್ಷ ಏಟು ತಿಂದವಳಿಗೆ ಹೊಡೆಯುವುದು ಎಷ್ಟು ಸುಲಭ ಎಂದು ಗೊತ್ತೇ ಇರಲಿಲ್ಲ. ಮೂರನೆಯದನ್ನು ತಲೆಗೆ ಎತ್ತಿದಳು. ಕೊಂದೇಬಿಡಬೇಕೆಂಬ ಆಸೆ ಕೈತುಂಬ ಬಂದಿತ್ತು, ಅದರಲ್ಲಿ ಸುಳ್ಳಿಲ್ಲ. ಸೋಫಾದ ಮರೆಯಿಂದ ಕೋಲ್ಟನ್ ಅವಳನ್ನೇ ನೋಡುತ್ತಿದ್ದ. ಅಪ್ಪನನ್ನು ನೋಡುವ ಅದೇ ಕಣ್ಣಿಂದ ಅಮ್ಮನನ್ನು ನೋಡುತ್ತಿದ್ದ. ಟ್ರೀನಾ ಪಾನಾವನ್ನು ಕೆಳಗಿಳಿಸಿದಳು.

ಅಷ್ಟು ಸಾಕಾಯಿತು ರಾಯ್ಸ್‌ಗೆ. ಬಿದ್ದಲ್ಲಿಂದಲೇ ಕೈ ಚಾಚಿ ಅವಳ ಕಣಕಾಲು ಹಿಡಿದು ಎಳೆದ. ಅವಳು ಮಂಜಿನ ಮೇಲೆ ಜಾರಿ ಅಂಗಾತ ಬಿದ್ದಳು. ಪಾನಾ ಕೈತಪ್ಪಿ ಗೋಡೆಯ ಕಡೆ ಜಾರಿಹೋಯಿತು.

"ಅಮ್ಮಾ!" ಎಂದು ಅವನು ಹಾಡನ್ನೂ ಮೀರಿ ಕೂಗಿದ. "ಹಿಡ್ಕೋ ಇವಳನ್ನ! ಅದನ್ನ ಕೊಡು ಇಲ್ಲಿ!"

ಓಪಲ್ ಎದ್ದಳು. ಶಾಲು ಜಾರಿತು, ತಲೆಯ ಮೇಲೆ ಕಿವಿ ಟೋಪಿ ಇನ್ನೂ ಹಾಗೇ ಇತ್ತು. ಪಾನಾ ಅವಳ ಕಾಲಬುಡದಲ್ಲೇ ಬಿದ್ದಿತ್ತು. ಅತ್ತೆಯ ಮುಖವನ್ನು ಟ್ರೀನಾ ನೆಲದಿಂದ ನೋಡಿದಳು. ಆ ಮುಖದಿಂದ ಅವಳಿಗೆ ಯಾವ ಭರವಸೆಯೂ ಸಿಗಲಿಲ್ಲ. ಓಪಲ್ ಪಾನಾ ದಾಟಿ ಬಂದು ಮಗನ ಪಕ್ಕ ನಿಂತಳು.

"ಬಿಡು ಅವಳನ್ನ" ಎಂದಳು.

"ಅಮ್ಮಾ, ಕಾಲು ಮುರಿದಿದಾಳೆ ಇವಳು!"

"ಕಾಣಿಸ್ತಿದೆ. ಬಿಡು ಕೈ."

ಅವನು ಬಿಡಲಿಲ್ಲ. ಓಪಲ್ ದಪ್ಪ ಅಟ್ಟೆಯ ಹೊಸ ಬೂಟನ್ನು ಎತ್ತಿ ಮಗನ ಮಣಿಕಟ್ಟಿನ ಮೇಲೆ ಇಟ್ಟಳು. ಆಮೇಲೆ ಮೈಭಾರವನ್ನೆಲ್ಲ ಆ ಕಾಲಿನ ಮೇಲೆ ಹಾಕಿದಳು. ರಾಯ್ಸ್ ಚೀರಿದ. ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಬಿಚ್ಚಿಕೊಂಡ ಮೇಲೂ ಅವಳು ಕಾಲು ತೆಗೆಯಲಿಲ್ಲ. ತುಳಿಯುತ್ತಲೇ ನಿಂತಿದ್ದಳು, ಕಣ್ಣಿನಿಂದ ನೀರು ಸುರಿಯುತ್ತಿತ್ತು. "ನಿನ್ನಪ್ಪನ ಕೈನೂ ಹಿಂಗೇ ತುಳೀಬೇಕಿತ್ತು ಕಣೋ ನಾನು" ಎಂದಳು. "ಆಗ್ಲೇ ತುಳೀಬೇಕಿತ್ತು."

ಟ್ರೀನಾ ಕೋಲ್ಟನ್‌ನನ್ನು ಎತ್ತಿಕೊಂಡಳು. ಮ್ಯಾಸಿಯ ಕೈ ಹಿಡಿದಳು. ಓಪಲ್ ಗೋಡೆಯ ಮೊಳೆಯಿಂದ ಬೀಗದ ಕೈ ತೆಗೆದುಕೊಂಡು ಹಿಂದೆಯೇ ಬಂದಳು. ಅವರು ವ್ಯಾನು ಹತ್ತುವಷ್ಟರಲ್ಲಿ ರಾಯ್ಸ್ ಮೊಣಕೈಯ ಮೇಲೆ ತೆವಳಿಕೊಂಡು ಜಗಲಿಗೆ ಬಂದಿದ್ದ. ಸರಿಯಿದ್ದ ಇನ್ನೊಂದು ಕೈಯಲ್ಲಿ ಪಾನಾ ಎಸೆದ. ಹಿಂದಿನ ಗಾಜಿನ ಒಂದು ಮೂಲೆ ಪುಡಿಯಾಗಿ ಸೀಟಿನ ಮೇಲೆ ಸುರಿಯಿತು. ಅವನು ಬರೆದ ಅಕ್ಷರಗಳಿಗೆ ಏನೂ ಆಗಲಿಲ್ಲ. ಟ್ರೀನಾ ವ್ಯಾನನ್ನು ಹಿಂದಕ್ಕೆ ತಗೊಂಡಾಗ ಅವನು ಜಗಲಿಯ ಮೆಟ್ಟಿಲ ಮೇಲೆ ಬಿದ್ದುಕೊಂಡು, "ನೀನು ಎಲ್ಲಿಗೆ ಹೋದ್ರೂ ಹುಡುಕ್ತೀನಿ ಕಣೇ" ಎಂದು ಕೂಗುತ್ತಿದ್ದ. ಕಿತ್ತಳೆ ಅಂಗಿಯ ಬೆನ್ನ ಮೇಲೆ 'ಅಪ್ಪ' ಎಂದು ಬರೆದಿತ್ತು.

ಹೆದ್ದಾರಿಯ ತಿರುವಿನಲ್ಲಿ ಎಡಕ್ಕೆ ಹೋದರೆ ಓರ್ಲ್ಯಾಂಡೊ, ಬಲಕ್ಕೆ ಹೋದರೆ ಮೇಕನ್. ಟ್ರೀನಾ ಬಲಕ್ಕೆ ತಿರುಗಿಸಿದಳು. ಹಿಂದಿನ ಗಾಜು ಓದಿದವರೆಲ್ಲ ಹಾರ್ನ್ ಹೊಡೆಯುತ್ತ ಹೋದರು. ಒಬ್ಬ ಲಾರಿಯವನು ಪಕ್ಕಕ್ಕೆ ಬಂದು ನಗುತ್ತ, ಅಯ್ಯೋ ಆ ಕಡೆ, ಆ ಕಡೆ ಎಂದು ಹಿಂದಕ್ಕೆ ಬೆರಳು ತೋರಿಸಿದ. ಅವಳ ಮುಖ ಕಂಡ ಮೇಲೆ ಕೈ ಇಳಿಸಿ, ಲಾರಿಯನ್ನು ನಿಧಾನ ಮಾಡಿ ಹಿಂದೆ ಉಳಿದ.

"ಓರ್ಲ್ಯಾಂಡೊಗೆ ಹೋಗ್ತಿಲ್ವಾ ಮ್ಯಾಮ್?" ಎಂದು ಕೇಳಿದ ಕೋಲ್ಟನ್. ಎಡಗೈಯನ್ನು ಎದೆಗೆ ಒತ್ತಿ ಹಿಡಿದಿದ್ದ.

"ಇಲ್ಲ ಮಗನೇ. ಕೆಂಡ್ರಾ ಅತ್ತೆ ಮನೆಗೆ. ಮೊದಲು ಆಸ್ಪತ್ರೆ. ಈ ಸಲ ಡಾಕ್ಟರು ಕೇಳಿದ್ರೆ ನಡೆದದ್ದು ನಡೆದ ಹಂಗೇ ಹೇಳ್ತೀನಿ."

"ನಾನು ಸರಿಯಾಗಿ ಕುಣೀಲಿಲ್ಲ ಅಂತಾನಾ?"

ಟ್ರೀನಾಗೆ ಆಗ ತಡೆಯಲಾಗಲಿಲ್ಲ. ಸ್ಟೀರಿಂಗ್ ಹಿಡಿದುಕೊಂಡೇ ಅತ್ತಳು. ಮುರಿದ ದವಡೆಯಿಂದ ಅಳು ಒಡೆದು ಒಡೆದು, ಮನುಷ್ಯರದ್ದಲ್ಲವೆಂಬಂತೆ ಹೊರಬಂತು. ಅವಳ ಅಳು ಕೇಳಿ ಕೋಲ್ಟನ್‌ನೂ ಶುರುಮಾಡಿದ. ಅವನು ಅಷ್ಟು ಜೋರಾಗಿ ಅತ್ತದ್ದನ್ನು ಅವಳು ಕೇಳಿಯೇ ಇರಲಿಲ್ಲ.

ವ್ಯಾನಿನ ರೇಡಿಯೊದಲ್ಲಿ ಯಾವುದೋ ಹಾಡು ಸಣ್ಣಗೆ ಬರುತ್ತಿತ್ತು. ಹಿಂದಿನ ಸೀಟಿನಿಂದ ಮ್ಯಾಸಿ ಮುಂದಕ್ಕೆ ಬಗ್ಗಿದಳು. ಮುಖದಲ್ಲಿ ಗಾಬರಿಯಿತ್ತು, ಮಾಡಬೇಕಾದ ಕೆಲಸ ಮರೆತುಹೋದವಳಂತೆ.

"ಮೀಮಾ, ಜೋರು ಮಾಡು" ಎಂದಳು. "ಬೇಗ ಜೋರು ಮಾಡು. ರಸ್ತೆಗೆ ಕೇಳುತ್ತೆ."

ಓಪಲ್‌ಳ ಕೈ ತಾನಾಗಿಯೇ ರೇಡಿಯೊದ ಗುಂಡಿಗೆ ಹೋಯಿತು. ಗುಂಡಿಯ ಮೇಲೆ ಬೆರಳು ನಿಂತಿತು. ಆಮೇಲೆ ಅದನ್ನು ಎಡಕ್ಕೆ ತಿರುಗಿಸಿ ಆರಿಸಿಬಿಟ್ಟಳು, ತನ್ನ ಕಡೆಯ ಕಿಟಕಿಯ ಗಾಜನ್ನು ಪೂರ್ತಿ ಕೆಳಗಿಳಿಸಿದಳು.

"ಕೇಳ್ಲಿ ಬಿಡಮ್ಮ" ಎಂದಳು.